ಸೊಂಟಕ್ಕೆ ಯಾವ ಪಿಸ್ತೂಲು?

ಅಮೆರಿಕದ ಫ್ಲಾರಿಡಾ ರಾಜ್ಯದ ಮಯಾಮಿ ಬಳಿ 1986ರ ಏಪ್ರಿಲ್ 11ರ ಬೆಳಿಗ್ಗೆ ಎಫ್‌ಬಿಐನ ಎಂಟು ಮಂದಿ ಅಧಿಕಾರಿಗಳು ಬ್ಯಾಂಕ್ ದರೋಡೆಯ ಇಬ್ಬರು ಶಂಕಿತರ ಕಾರನ್ನು ಅಡ್ಡಗಟ್ಟಿದರು. ಮುಂದಿನ ಐದು ನಿಮಿಷವೂ ತುಂಬದ ಅವಧಿಯಲ್ಲಿ 140ಕ್ಕೂ ಹೆಚ್ಚು ಗುಂಡುಗಳು ಹಾರಿದವು. ಕಾಳಗ ಮುಗಿದಾಗ ಜೆರ್ರಿ ಡವ್ ಮತ್ತು ಬೆನ್ ಗ್ರೋಗನ್ ಎಂಬ ಇಬ್ಬರು ಅಧಿಕಾರಿಗಳು ಸತ್ತಿದ್ದರು, ಐವರು ಗಾಯಗೊಂಡಿದ್ದರು. ದರೋಡೆಕೋರರಿಬ್ಬರೂ ಹೆಣವಾಗಿದ್ದರು.

ಶವಪರೀಕ್ಷೆಯಲ್ಲಿ ಒಂದು ಸಂಗತಿ ಹೊರಬಿತ್ತು. ಕಾಳಗದ ಆರಂಭದಲ್ಲೇ ಅಧಿಕಾರಿಯೊಬ್ಬರ ಪಿಸ್ತೂಲಿನಿಂದ ಹಾರಿದ 9 ಎಂ.ಎಂ. ಗುಂಡೊಂದು ಮುಖ್ಯ ದರೋಡೆಕೋರನ ತೋಳನ್ನು ಹಾಯ್ದು ಎದೆಯೊಳಗೆ ಹೊಕ್ಕಿತ್ತು. ಆದರೆ ಹೃದಯಕ್ಕೆ ಸುಮಾರು ಒಂದು ಅಂಗುಲ ದೂರವಿರುವಾಗಲೇ ಅದು ನಿಂತುಹೋಗಿತ್ತು. ಆ ಗಾಯ ಪ್ರಾಣಾಂತಕವೇ ಆಗಿದ್ದರೂ ಆತ ತಕ್ಷಣ ಬೀಳಲಿಲ್ಲ. ರೈಫಲ್ ಹಿಡಿದು ಹೋರಾಟ ಮುಂದುವರಿಸಿದ. ಇಬ್ಬರು ಅಧಿಕಾರಿಗಳನ್ನು ಕೊಂದದ್ದು ಅದಾದ ಮೇಲೆ.

ಈ ಒಂದು ಅಂಗುಲದ ಕೊರತೆ ಅಮೆರಿಕದ ಪೊಲೀಸ್ ಇಲಾಖೆಗಳನ್ನು ಮೂರು ದಶಕಗಳ ಕಾಲ ಕಾಡಿತು. ಪೊಲೀಸನ ಸೊಂಟದಲ್ಲಿ ಯಾವ ಆಯುಧ ಇರಬೇಕು, ಅದರಲ್ಲಿ ಎಷ್ಟು ಗುಂಡು ಇರಬೇಕು, ಆ ಗುಂಡು ಎಷ್ಟು ಆಳಕ್ಕೆ ಇಳಿಯಬೇಕು ಎಂಬ ಪ್ರಶ್ನೆಗಳ ಸುತ್ತ ಪ್ರಯೋಗಾಲಯಗಳು ಹುಟ್ಟಿದವು, ಹೊಸ ಬಗೆಯ ತೋಟೆಗಳು ಬಂದವು, ಲಕ್ಷಾಂತರ ಪಿಸ್ತೂಲುಗಳು ಬದಲಾದವು. ಮೇಲ್ನೋಟಕ್ಕೆ ಇದು ಬರಿಯ ಖರೀದಿಯ ವಿಷಯದಂತೆ ಕಾಣುತ್ತದೆ. ಒಳಹೊಕ್ಕು ನೋಡಿದರೆ ಇದರಲ್ಲಿ ಎರಡು ಭಯಗಳ ತೂಗಾಟವಿದೆ. ಬೇಕಾದಾಗ ಗುಂಡು ಹಾರದಿದ್ದರೆ ಏನು ಗತಿ ಎಂಬುದು ಮೊದಲನೆಯ ಭಯ. ಬೇಡವಾದಾಗ ಹಾರಿಬಿಟ್ಟರೆ ಏನು ಗತಿ ಎಂಬುದು ಎರಡನೆಯದು. ಪಿಸ್ತೂಲಿನ ಪ್ರತಿಯೊಂದು ಭಾಗವೂ ಈ ತಕ್ಕಡಿಯ ಒಂದಲ್ಲ ಒಂದು ತಟ್ಟೆಗೆ ಭಾರ ಹಾಕುತ್ತದೆ.

ಉರುಳೆಯೋ, ಮ್ಯಾಗಜೀನೋ?

ನಮ್ಮ ಸಿನಿಮಾಗಳಲ್ಲಿ ರಿವಾಲ್ವರ್ ಮತ್ತು ಪಿಸ್ತೂಲು ಒಂದೇ ಎಂಬಂತೆ ತೋರಿಸುವುದುಂಟು. ಎರಡರ ಕೆಲಸದ ರೀತಿ ಬೇರೆ. ರಿವಾಲ್ವರಿನಲ್ಲಿ ಸಾಮಾನ್ಯವಾಗಿ ಆರು ಗೂಡುಗಳಿರುವ ಒಂದು ಉರುಳೆ ಇರುತ್ತದೆ. ಟ್ರಿಗರ್ ಎಳೆದಾಗ ಬೆರಳಿನ ಬಲದಿಂದಲೇ ಉರುಳೆ ತಿರುಗಿ ಹೊಸ ತೋಟೆ ನಳಿಕೆಯ ಎದುರಿಗೆ ಬರುತ್ತದೆ, ಹಿಂದಿನ ಕುದುರೆ ಎದ್ದು ಬಡಿಯುತ್ತದೆ. ಒಂದು ತೋಟೆ ಹಾರದಿದ್ದರೆ ಇನ್ನೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನ ತೋಟೆ ಸಿದ್ಧವಾಗಿರುತ್ತದೆ. ಕಲಿಸುವುದು ಸುಲಭ. ತಿಂಗಳುಗಟ್ಟಲೆ ಒರೆಯಲ್ಲೇ ಇದ್ದರೂ ತಕರಾರು ಕಡಿಮೆ.

ಅರೆ ಸ್ವಯಂಚಾಲಿತ ಪಿಸ್ತೂಲು ಗುಂಡಿನ ಶಕ್ತಿಯನ್ನೇ ಕೆಲಸಕ್ಕೆ ಹಚ್ಚುತ್ತದೆ. ಮದ್ದು ಉರಿದಾಗ ಗುಂಡು ಮುಂದಕ್ಕೆ ಹೋದರೆ ಒದೆತ ಹಿಂದಕ್ಕೆ ಬರುತ್ತದೆ. ಆ ಒದೆತಕ್ಕೆ ಮೇಲಿನ ಉಕ್ಕಿನ ಜಾರುಭಾಗ ಹಿಂದೆ ಸರಿದು ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ. ಸ್ಪ್ರಿಂಗಿನ ಬಲದಿಂದ ಅದು ಮತ್ತೆ ಮುಂದೆ ಬರುವಾಗ ಹಿಡಿಕೆಯೊಳಗಿನ ಮ್ಯಾಗಜೀನಿನಿಂದ ಹೊಸ ತೋಟೆಯನ್ನು ತಳ್ಳಿಕೊಂಡು ಬರುತ್ತದೆ. ಒಮ್ಮೆ ಟ್ರಿಗರ್ ಎಳೆದರೆ ಹಾರುವುದು ಒಂದೇ ಗುಂಡು. ಆದ್ದರಿಂದಲೇ ಇದು ಅರೆ ಸ್ವಯಂಚಾಲಿತ. ಒತ್ತಿ ಹಿಡಿದರೆ ಗುಂಡಿನ ಮಳೆ ಸುರಿಸುವ ಮಶೀನ್ ಗನ್ ಇದಲ್ಲ. ಹೆಚ್ಚು ಗುಂಡು ಹಿಡಿಸುವುದು, ಬೇಗ ತುಂಬಿಸಬಹುದಾದದ್ದು, ಚಪ್ಪಟೆಯಾಗಿರುವುದು ಇದರ ಅನುಕೂಲಗಳು. ಆದರೆ ಒಂದು ಖಾಲಿ ತೋಟೆ ಓರೆಯಾಗಿ ಸಿಕ್ಕಿಕೊಂಡರೂ ಇಡೀ ಯಂತ್ರ ನಿಂತುಬಿಡುತ್ತದೆ. ಎರಡೂ ಕೈ ಬಳಸಿ ಅದನ್ನು ಬಿಡಿಸಬೇಕು. ಎದುರಿಗೆ ಗುಂಡು ಹಾರುತ್ತಿರುವಾಗ ಅದಕ್ಕೆ ಅಭ್ಯಾಸ ಬೇಕು, ಎದೆಗಾರಿಕೆಯೂ ಬೇಕು.

ಆರು ಸಾವಿರ ಗುಂಡಿನ ಪರೀಕ್ಷೆ

ಜರ್ಮನಿಯಲ್ಲಿ ಹ್ಯೂಗೊ ಬೋರ್ಶಾರ್ಟ್ 1893ರಲ್ಲೇ ಕೆಲಸಕ್ಕೆ ಬರುವಂಥ ಅರೆ ಸ್ವಯಂಚಾಲಿತ ಪಿಸ್ತೂಲನ್ನು ರೂಪಿಸಿದ್ದ. ಅದನ್ನು ತಿದ್ದಿ ಸಿದ್ಧಪಡಿಸಿದ ಲ್ಯೂಗರ್ ಪಿಸ್ತೂಲನ್ನು ಜರ್ಮನ್ ಸೇನೆ 1908ರಲ್ಲಿ ಒಪ್ಪಿಕೊಂಡಿತು. ಆದರೆ ಪಿಸ್ತೂಲನ್ನು ಆರಿಸುವುದು ಹೇಗೆ ಎಂಬುದಕ್ಕೆ ಮಾದರಿಯಾದದ್ದು ಅಮೆರಿಕ ಸೇನೆ ನಡೆಸಿದ ಪರೀಕ್ಷೆ.

ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಮೋರೊ ಯೋಧರೊಡನೆ ಕಾದಾಡುತ್ತಿದ್ದ ಅಮೆರಿಕದ ಸೈನಿಕರಿಗೆ ತಮ್ಮ .38 ಬೋರಿನ ರಿವಾಲ್ವರಿನ ಮೇಲೆ ಭರವಸೆ ಹೋಗಿತ್ತು. ಗುಂಡು ತಗುಲಿದರೂ ಕತ್ತಿ ಹಿಡಿದ ಎದುರಾಳಿ ನಿಲ್ಲದೆ ನುಗ್ಗಿಬರುತ್ತಾನೆ ಎಂಬುದು ಅವರ ದೂರು. 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಸೇನಾಧಿಕಾರಿಗಳು ಶಿಕಾಗೊದ ಕಸಾಯಿಖಾನೆಯ ದನಗಳ ಮೇಲೂ ಶವಗಳ ಮೇಲೂ ಬೇರೆ ಬೇರೆ ಗುಂಡುಗಳನ್ನು ಪ್ರಯೋಗಿಸಿ, .45 ಬೋರಿಗಿಂತ ಕಡಿಮೆಯದು ಬೇಡ ಎಂದು ವರದಿ ಕೊಟ್ಟರು. ಇಂದಿನ ಕಣ್ಣಿಗೆ ಆ ಪ್ರಯೋಗ ಕ್ರೂರವೂ ಹೌದು, ಶಾಸ್ತ್ರೀಯವಾಗಿ ಅರೆಬರೆಯೂ ಹೌದು. ಆದರೆ ಅದರ ತೀರ್ಮಾನ ಎಂಬತ್ತು ವರ್ಷ ಬಾಳಿತು.

ಆಯ್ಕೆಯ ಕೊನೆಯ ಸುತ್ತು 1911ರ ಮಾರ್ಚಿನಲ್ಲಿ ನಡೆಯಿತು. ಕೋಲ್ಟ್ ಕಂಪನಿಗಾಗಿ ಜಾನ್ ಬ್ರೌನಿಂಗ್ ರೂಪಿಸಿದ ಪಿಸ್ತೂಲಿಗೂ ಸ್ಯಾವೇಜ್ ಕಂಪನಿಯ ಪಿಸ್ತೂಲಿಗೂ ಪೈಪೋಟಿ. ಒಂದೊಂದರಿಂದ ಆರು ಸಾವಿರ ಗುಂಡು ಹಾರಿಸಬೇಕಿತ್ತು. ಕಾದು ಬಿಸಿಯಾದರೆ ನೀರಿನಲ್ಲಿ ಅದ್ದಿ ಮತ್ತೆ ಹಾರಿಸುತ್ತಿದ್ದರು. ಸ್ಯಾವೇಜ್ ಪಿಸ್ತೂಲು 37 ಬಾರಿ ಕೈಕೊಟ್ಟಿತು. ಬ್ರೌನಿಂಗನ ಪಿಸ್ತೂಲು ಒಮ್ಮೆಯೂ ಕೈಕೊಡಲಿಲ್ಲ. ಮಾರ್ಚ್ 29ರಂದು ಸೇನೆ ಅದನ್ನು ಅಂಗೀಕರಿಸಿತು. ಸುಮಾರು 1.1 ಕಿಲೋ ತೂಗುವ, ಮ್ಯಾಗಜೀನಿನಲ್ಲಿ ಏಳು ಗುಂಡು ಹಿಡಿಯುವ ಈ ಎಂ 1911 ಪಿಸ್ತೂಲು 1985ರವರೆಗೂ ಅಮೆರಿಕ ಸೇನೆಯ ಅಧಿಕೃತ ಪಿಸ್ತೂಲಾಗಿತ್ತು. ಮೊದಲು ನಂಬಿಕೆ, ಆಮೇಲೆ ಉಳಿದದ್ದು ಎಂಬ ನಿಯಮ ಅಂದು ಸ್ಥಿರವಾಯಿತು. ಪಿಸ್ತೂಲು ಕೊಳ್ಳುವ ಯಾವುದೇ ಇಲಾಖೆ ಇಂದಿಗೂ ಸಾವಿರಾರು ಗುಂಡು ಹಾರಿಸಿ, ಧೂಳು, ನೀರು, ಎತ್ತರದಿಂದ ಬೀಳಿಸುವುದು ಎಲ್ಲವನ್ನೂ ಪರೀಕ್ಷಿಸಿಯೇ ಮುಂದಿನ ಮಾತನಾಡುತ್ತದೆ.

ಬ್ರೌನಿಂಗ್ 1926ರಲ್ಲಿ ಬೆಲ್ಜಿಯಂನಲ್ಲಿ ತೀರಿಕೊಂಡ. ಅವನು ಅರ್ಧಕ್ಕೆ ಬಿಟ್ಟಿದ್ದ 9 ಎಂ.ಎಂ. ವಿನ್ಯಾಸವನ್ನು ಡ್ಯೂಡೊನೆ ಸೇವ್ ಪೂರ್ಣಗೊಳಿಸಿ 1935ರಲ್ಲಿ ಹದಿಮೂರು ಗುಂಡು ಹಿಡಿಯುವ ಹೈ ಪವರ್ ಪಿಸ್ತೂಲನ್ನು ಹೊರತಂದ. ಎರಡನೆಯ ಮಹಾಯುದ್ಧದ ವೇಳೆ ಕೆನಡಾದಲ್ಲೂ ಇದು ತಯಾರಾಯಿತು. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಫ್ಯಾಕ್ಟರಿ ತಯಾರಿಸುವ, ನಮ್ಮ ಸೇನೆ ಮತ್ತು ಪೊಲೀಸರು ಬಳಸುತ್ತ ಬಂದಿರುವ 9 ಎಂ.ಎಂ. ಪಿಸ್ತೂಲು ಇದೇ ವಂಶಕ್ಕೆ ಸೇರಿದ್ದು.

ಪೊಲೀಸರ ಹಿಂಜರಿಕೆ

ಸೇನೆ 1911ರಲ್ಲೇ ಪಿಸ್ತೂಲಿಗೆ ಬದಲಾಯಿಸಿಕೊಂಡರೂ ಅಮೆರಿಕದ ಪೊಲೀಸರು ಮುಂದಿನ ಅರ್ಧ ಶತಮಾನ ರಿವಾಲ್ವರನ್ನು ಬಿಡಲಿಲ್ಲ. ನ್ಯೂಯಾರ್ಕ್ ಪೊಲೀಸರಿಗೆಲ್ಲ ಒಂದೇ ಬಗೆಯ ಆಯುಧವೆಂದು .32 ಬೋರಿನ ಕೋಲ್ಟ್ ರಿವಾಲ್ವರನ್ನು ಗೊತ್ತುಮಾಡಿದ್ದು, ಮುಂದೆ ಅಧ್ಯಕ್ಷನಾದ ಥಿಯೊಡರ್ ರೂಸ್‌ವೆಲ್ಟ್ ಅಲ್ಲಿಯ ಪೊಲೀಸ್ ಮಂಡಳಿಯಲ್ಲಿದ್ದಾಗ, 1896ರಲ್ಲಿ. ನಂತರ .38 ಬೋರಿನ ರಿವಾಲ್ವರ್ ಪೊಲೀಸ್ ಸಮವಸ್ತ್ರದ ಭಾಗವೇ ಆಗಿಹೋಯಿತು. ಪೊಲೀಸನ ಕೆಲಸ ಸೈನಿಕನದಲ್ಲ. ನಿವೃತ್ತಿಯವರೆಗೂ ಒಮ್ಮೆಯೂ ಗುಂಡು ಹಾರಿಸುವ ಪ್ರಸಂಗ ಬಾರದ ಪೊಲೀಸರೇ ಹೆಚ್ಚು. ಅಂಥವರ ಕೈಗೆ ಸರಳವಾದ ಯಂತ್ರವೇ ಲೇಸು ಎಂಬ ವಾದದಲ್ಲಿ ಹುರುಳಿತ್ತು.

1967ರಲ್ಲಿ ಇಲಿನಾಯ್ ರಾಜ್ಯದ ಪೊಲೀಸ್ ಪಡೆ 9 ಎಂ.ಎಂ. ಪಿಸ್ತೂಲಿಗೆ ಬದಲಾದಾಗ ಉಳಿದವರು ಕಾದು ನೋಡಿದರು. 1970ರ ಏಪ್ರಿಲ್ 6ರಂದು ಕ್ಯಾಲಿಫೋರ್ನಿಯಾದ ನ್ಯೂಹಾಲ್ ಬಳಿ ಕೆಲವೇ ನಿಮಿಷಗಳಲ್ಲಿ ನಾಲ್ವರು ಹೆದ್ದಾರಿ ಪೊಲೀಸರು ಹತರಾದಾಗ, ಆರು ಗುಂಡು ಮುಗಿದ ಮೇಲೆ ರಿವಾಲ್ವರನ್ನು ಒಂದೊಂದೇ ತೋಟೆಯಿಂದ ತುಂಬುವ ಕಷ್ಟ ಎಲ್ಲರ ಕಣ್ಣಿಗೆ ಬಿತ್ತು. ಮಯಾಮಿಯ ಘಟನೆಯಲ್ಲೂ ಹೆಚ್ಚಿನ ಅಧಿಕಾರಿಗಳ ಬಳಿ ಇದ್ದದ್ದು ರಿವಾಲ್ವರೇ. ಅದಾದ ಮೇಲೆ ಬದಲಾವಣೆಯ ಗಾಳಿ ಬಿರುಸಾಗಿ ಬೀಸಿತು.

ಪರದೆ ಕೊಳವೆಯಿಂದ ಪಿಸ್ತೂಲಿಗೆ

ಆ ಗಾಳಿಗೆ ಸರಿಯಾಗಿ ತೂರಿಕೊಂಡವನು ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್. ಕಿಟಕಿ ಪರದೆಯ ಕೊಳವೆ, ಚಾಕುಗಳಂಥ ವಸ್ತುಗಳನ್ನು ತಯಾರಿಸುತ್ತಿದ್ದ ಈತನಿಗೆ ಪಿಸ್ತೂಲಿನ ಪೂರ್ವಾನುಭವ ಇರಲಿಲ್ಲ. ಆಸ್ಟ್ರಿಯಾದ ಸೇನೆ ಹೊಸ ಪಿಸ್ತೂಲು ಹುಡುಕುತ್ತಿದೆ ಎಂದು ತಿಳಿದು, ಬಲ್ಲವರನ್ನು ಕೇಳಿ, 1980ರ ದಶಕದ ಆರಂಭದಲ್ಲಿ ಹೊಸ ವಿನ್ಯಾಸವೊಂದನ್ನು ರೂಪಿಸಿದ. ಜಾರುಭಾಗ ಮತ್ತು ನಳಿಕೆ ಉಕ್ಕಿನವು, ಹಿಡಿಕೆಯ ಚೌಕಟ್ಟು ಮಾತ್ರ ಗಟ್ಟಿ ಪ್ಲಾಸ್ಟಿಕ್. ಬಿಡಿಭಾಗಗಳು ಕೇವಲ 34. ಖಾಲಿ ಮ್ಯಾಗಜೀನ್ ಸೇರಿ ತೂಕ ಸುಮಾರು 700 ಗ್ರಾಂ, ಹಿಡಿಯುವ ಗುಂಡು 17. ಆಸ್ಟ್ರಿಯಾ ಸೇನೆ ಅದನ್ನು ಆರಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಗ್ಲಾಕ್ ಅಮೆರಿಕಕ್ಕೆ ಕಾಲಿಟ್ಟಿತು. ವಿಮಾನ ನಿಲ್ದಾಣದ ಎಕ್ಸ್-ರೇಗೆ ಸಿಗದ ಪ್ಲಾಸ್ಟಿಕ್ ಪಿಸ್ತೂಲು ಎಂಬ ಗುಲ್ಲೆದ್ದಿತು. ಅದು ನಿಜವಲ್ಲದಿದ್ದರೂ ಪತ್ತೆಗೆ ಸಿಗದ ಆಯುಧಗಳನ್ನು ನಿಷೇಧಿಸುವ ಕಾಯಿದೆಯನ್ನು 1988ರಲ್ಲಿ ಅಮೆರಿಕದ ಸಂಸತ್ತು ಮಾಡಿತು. ಆ ಗುಲ್ಲು ಗ್ಲಾಕ್‌ಗೆ ಪುಕ್ಕಟೆ ಪ್ರಚಾರವೂ ಆಯಿತು. ಗ್ಯಾಸ್ಟನ್ ಗ್ಲಾಕ್ 2023ರ ಡಿಸೆಂಬರಿನಲ್ಲಿ ತನ್ನ 94ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಜಗತ್ತಿನ ಹಲವು ದೇಶಗಳ ಪೊಲೀಸರ ಸೊಂಟದಲ್ಲಿ ಅವನ ಪಿಸ್ತೂಲಿತ್ತು.

ಗುಂಡಿನ ಗಾತ್ರದ ಸುತ್ತಾಟ

ಮಯಾಮಿಯ ನಂತರ ಎಫ್‌ಬಿಐ ಹುಡುಕಿದ್ದು ಆಳಕ್ಕಿಳಿಯುವ ಗುಂಡನ್ನು. 1987ರಲ್ಲಿ ವೈದ್ಯರು ಮತ್ತು ಗುಂಡೇಟಿನ ತಜ್ಞರನ್ನು ಕೂರಿಸಿ ಚರ್ಚಿಸಲಾಯಿತು. ಮಾಂಸಖಂಡವನ್ನು ಹೋಲುವ ಜೆಲಾಟಿನ್ ಮುದ್ದೆಯೊಳಗೆ ಗುಂಡು ಕನಿಷ್ಠ 12 ಅಂಗುಲ ಇಳಿಯಬೇಕು, 18 ಅಂಗುಲ ದಾಟಬಾರದು ಎಂಬ ಅಳತೆ ರೂಢಿಗೆ ಬಂತು. ಬಟ್ಟೆ, ಗಾಜು, ಹಲಗೆ, ತಗಡು ಅಡ್ಡವಿದ್ದಾಗ ಏನಾಗುತ್ತದೆ ಎಂಬುದನ್ನೂ ಪರೀಕ್ಷಿಸಲಾಯಿತು. ಕೆಳಗಿನ ಮಿತಿ ಇರುವುದು ಪೊಲೀಸನ ಜೀವಕ್ಕಾಗಿ. ಗುಂಡು ಒಂದು ದೇಹವನ್ನು ಹಾಯ್ದು ಹಿಂದೆ ನಿಂತವರಿಗೂ ತಗುಲಬಾರದು ಎಂಬುದಕ್ಕಾಗಿ ಮೇಲಿನ ಮಿತಿ.

ಮೊದಲ ಉತ್ತರವಾಗಿ ಬಂದದ್ದು 10 ಎಂ.ಎಂ. ಪಿಸ್ತೂಲು. ಅದು ಬಲವಾಗಿತ್ತು, ಆದರೆ ಒದೆತವೂ ಬಲವಾಗಿತ್ತು. ಪಿಸ್ತೂಲಿನ ಗಾತ್ರ ಅನೇಕರ ಅಂಗೈಗೆ ದೊಡ್ಡದಾಯಿತು. ಮದ್ದು ಕಡಿಮೆ ಮಾಡಿ ನೋಡಿದರು. ಮದ್ದು ಕಡಿಮೆಯಾದ ಮೇಲೆ ಅಷ್ಟುದ್ದದ ತೋಟೆ ಏಕೆ ಎಂದು ಅದನ್ನೇ ಗಿಡ್ಡಮಾಡಿ ಸ್ಮಿತ್ ಅಂಡ್ ವೆಸನ್ ಮತ್ತು ವಿಂಚೆಸ್ಟರ್ ಕಂಪನಿಗಳು 1990ರಲ್ಲಿ .40 ಬೋರಿನ ತೋಟೆಯನ್ನು ತಂದವು. ಇದು 9 ಎಂ.ಎಂ. ಪಿಸ್ತೂಲಿನಷ್ಟೇ ಗಾತ್ರದ ಆಯುಧದಲ್ಲಿ ಹಿಡಿಸುತ್ತಿತ್ತು. ಅಮೆರಿಕದ ಇಲಾಖೆಗಳು ಇದಕ್ಕೆ ಮುಗಿಬಿದ್ದವು. 1997ರಲ್ಲಿ ಎಫ್‌ಬಿಐ ಕೂಡ .40 ಬೋರಿನ ಗ್ಲಾಕ್ ಹಿಡಿಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ವೇಳೆಗೆ ಗುಂಡು ತಯಾರಿಸುವ ವಿದ್ಯೆ ಬಹಳ ಮುಂದುವರಿದಿತ್ತು. ಹೊಸ 9 ಎಂ.ಎಂ. ಗುಂಡುಗಳು ಅದೇ ಜೆಲಾಟಿನ್ ಪರೀಕ್ಷೆಯಲ್ಲಿ ತೇರ್ಗಡೆಯಾಗತೊಡಗಿದವು. ಒದೆತ ಕಡಿಮೆಯಾದ್ದರಿಂದ ಹೆಚ್ಚಿನವರು 9 ಎಂ.ಎಂ.ನಲ್ಲಿ ಬೇಗ, ನೆಟ್ಟಗೆ ಹೊಡೆಯುತ್ತಿದ್ದರು. ಅದೇ ಗಾತ್ರದ ಹಿಡಿಕೆಯಲ್ಲಿ ಹೆಚ್ಚು ಗುಂಡು ಹಿಡಿಸುತ್ತಿತ್ತು. ಪಿಸ್ತೂಲಿನ ಸವೆತ ಕಡಿಮೆ, ಅಭ್ಯಾಸದ ಗುಂಡಿನ ಖರ್ಚೂ ಕಡಿಮೆ. ದೊಡ್ಡ ಗುಂಡಿಗಿಂತ ಸರಿಯಾದ ಜಾಗಕ್ಕೆ ಬಿದ್ದ ಗುಂಡೇ ಮೇಲು ಎಂಬ ತೀರ್ಮಾನಕ್ಕೆ ಬಂದ ಎಫ್‌ಬಿಐ 2016ರಲ್ಲಿ 9 ಎಂ.ಎಂ. ಗ್ಲಾಕ್‌ಗೆ ಗುತ್ತಿಗೆ ಕೊಟ್ಟಿತು. ಮೂವತ್ತು ವರ್ಷ ಸುತ್ತಿ ಹೊರಟಲ್ಲಿಗೇ ಬಂದಂತಾಯಿತು. ಆದರೆ ಈ ಸುತ್ತಾಟ ವ್ಯರ್ಥವಾಗಲಿಲ್ಲ. 1986ರ 9 ಎಂ.ಎಂ. ಗುಂಡೂ 2016ರ 9 ಎಂ.ಎಂ. ಗುಂಡೂ ಅಳತೆಯಲ್ಲಿ ಒಂದೇ ಆದರೂ ಕೆಲಸದಲ್ಲಿ ಒಂದೇ ಅಲ್ಲ.

ಟ್ರಿಗರಿನ ತೂಕ

ಬೋರಿನ ಬಗ್ಗೆ ನಡೆದಷ್ಟು ಚರ್ಚೆ ಟ್ರಿಗರಿನ ಬಗ್ಗೆ ಸಾರ್ವಜನಿಕರಲ್ಲಿ ನಡೆಯಲಿಲ್ಲ. ಆದರೆ ಎರಡನೆಯ ಭಯ, ಅಂದರೆ ಬೇಡವಾದಾಗ ಗುಂಡು ಹಾರುವ ಭಯ, ಅಡಗಿರುವುದು ಇಲ್ಲಿಯೇ. ಹಳೆಯ ರಿವಾಲ್ವರಿನ ಟ್ರಿಗರ್ ಉದ್ದಕ್ಕೆ, ಭಾರವಾಗಿ ಎಳೆಯಬೇಕಾದದ್ದು. ಗ್ಲಾಕ್‌ನ ಮಾಮೂಲಿ ಟ್ರಿಗರಿಗೆ ಬೇಕಾದದ್ದು ಸುಮಾರು ಎರಡೂವರೆ ಕಿಲೋ ಬಲ, ಅದೂ ಸ್ವಲ್ಪವೇ ದೂರ. ಬೆರಳಿನಿಂದ ಒತ್ತಿ ತೆಗೆಯಬೇಕಾದ ಪ್ರತ್ಯೇಕ ಸೇಫ್ಟಿ ಕೀಲು ಅದರಲ್ಲಿಲ್ಲ. ಟ್ರಿಗರ್ ಒತ್ತದೆ ಗುಂಡು ಹಾರದಂತೆ ಒಳಗೇ ತಡೆಗಳಿವೆ. ಗಾಬರಿಯಲ್ಲಿ ಕೀಲು ತೆಗೆಯಲು ಮರೆತು ಸಾಯುವ ಪ್ರಮೇಯವಿಲ್ಲ ಎಂಬುದು ಇದರ ಲಾಭ. ಬೆರಳು ಸುಮ್ಮನೆ ಟ್ರಿಗರಿನ ಮೇಲೆ ಹೋದರೆ ತಡೆಯುವವರಿಲ್ಲ ಎಂಬುದು ನಷ್ಟ.

ಈ ನಷ್ಟದ ಲೆಕ್ಕ ಸಿಕ್ಕಿದ್ದು ರಾಜಧಾನಿ ವಾಷಿಂಗ್ಟನ್‌ನಲ್ಲಿ. ಅಲ್ಲಿಯ ಪೊಲೀಸರು 1980ರ ದಶಕದ ಕೊನೆಯಲ್ಲಿ ಗ್ಲಾಕ್ ಹಿಡಿದರು. ಅದೇ ಕಾಲಕ್ಕೆ ಇಲಾಖೆಗೆ ದೊಡ್ಡ ಸಂಖ್ಯೆಯಲ್ಲಿ ಹೊಸಬರ ನೇಮಕವಾಯಿತು, ತರಬೇತಿ ತೆಳುವಾಯಿತು. ಹತ್ತು ವರ್ಷಗಳಲ್ಲಿ 120ಕ್ಕೂ ಹೆಚ್ಚು ಬಾರಿ ಪಿಸ್ತೂಲುಗಳಿಂದ ಆಕಸ್ಮಿಕವಾಗಿ ಗುಂಡು ಹಾರಿದೆ ಎಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 1998ರಲ್ಲಿ ಪತ್ತೆಹಚ್ಚಿತು. ಆ ವರದಿಗಳಿಗೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು.

ನ್ಯೂಯಾರ್ಕ್ ಇನ್ನೊಂದು ದಾರಿ ಹಿಡಿಯಿತು. 1993ರಲ್ಲಿ 9 ಎಂ.ಎಂ. ಪಿಸ್ತೂಲುಗಳಿಗೆ ಒಪ್ಪಿಗೆ ಕೊಟ್ಟ ಅಲ್ಲಿಯ ಇಲಾಖೆ, ಹಳೆಯ ರಿವಾಲ್ವರಿನಂತೆಯೇ ಟ್ರಿಗರ್ ಬಿಗಿಯಾಗಿರಲಿ ಎಂದು ಗ್ಲಾಕ್‌ಗೆ ಸುಮಾರು ಐದೂವರೆ ಕಿಲೋ ಬಲ ಬೇಡುವ ಸ್ಪ್ರಿಂಗ್ ಹಾಕಿಸಿತು. ಆಕಸ್ಮಿಕ ತಪ್ಪಲಿ ಎಂಬುದು ಉದ್ದೇಶ. ಆದರೆ ಬಿಗಿಯಾದ ಟ್ರಿಗರನ್ನು ಜಗ್ಗುವಾಗ ನಳಿಕೆಯ ತುದಿ ಅಲುಗುತ್ತದೆ, ಗುರಿ ತಪ್ಪುತ್ತದೆ. ತಪ್ಪಿದ ಗುಂಡು ಬೀದಿಯಲ್ಲಿ ಎಲ್ಲೋ ಒಂದು ಕಡೆ ಹೋಗಿ ನಾಟಲೇಬೇಕು. 2012ರ ಆಗಸ್ಟ್ 24ರಂದು ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಕೊಲೆಗಾರನೊಬ್ಬನತ್ತ ಇಬ್ಬರು ಪೊಲೀಸರು 16 ಗುಂಡು ಹಾರಿಸಿದಾಗ ಆತ ಸತ್ತ. ಜತೆಗೆ ಪೊಲೀಸರ ಗುಂಡು ಅಥವಾ ಅವುಗಳ ಚೂರುಗಳಿಂದ ಒಂಬತ್ತು ಮಂದಿ ದಾರಿಹೋಕರೂ ಗಾಯಗೊಂಡರು.

ಹೀಗೆ ಟ್ರಿಗರ್ ಹಗುರವಾದರೂ ಅಪಾಯ, ಭಾರವಾದರೂ ಅಪಾಯ. ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಪಿಸ್ತೂಲು ಉತ್ತರ ಹೇಳುವುದಿಲ್ಲ. ವರ್ಷಕ್ಕೆ ಎಷ್ಟು ಸಲ ಪೊಲೀಸನನ್ನು ಅಭ್ಯಾಸಕ್ಕೆ ಕಳಿಸುತ್ತೀರಿ ಎಂಬ ಪ್ರಶ್ನೆಗೆ ಇಲಾಖೆ ಕೊಡುವ ಉತ್ತರದ ಮೇಲೆ ಅದು ನಿಂತಿದೆ.

ಹದಿನಾರು ಗುಂಡು ಇದ್ದರೆ

ಹೆಚ್ಚು ಗುಂಡು ಇದ್ದಷ್ಟೂ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. 1999ರ ಫೆಬ್ರುವರಿ 4ರಂದು ನ್ಯೂಯಾರ್ಕಿನಲ್ಲಿ ಅಮಾಡು ಡಿಯಾಲೊ ಎಂಬ ಗಿನಿ ದೇಶದ ಯುವಕ ತನ್ನ ಮನೆಯ ಬಾಗಿಲಲ್ಲಿ ನಿಂತಿದ್ದ. ಅವನು ಹೊರತೆಗೆದ ಹಣದ ಪರ್ಸನ್ನು ಪಿಸ್ತೂಲೆಂದು ಭಾವಿಸಿದ ನಾಲ್ವರು ಪೊಲೀಸರು ಕ್ಷಣಗಳಲ್ಲಿ 41 ಗುಂಡು ಹಾರಿಸಿದರು. 19 ಗುಂಡು ಅವನಿಗೆ ತಗುಲಿದವು. ಅವನ ಬಳಿ ಯಾವ ಆಯುಧವೂ ಇರಲಿಲ್ಲ. ನಾಲ್ವರಲ್ಲಿ ಇಬ್ಬರು ತಲಾ 16 ಗುಂಡು, ಅಂದರೆ ತಮ್ಮ ಪಿಸ್ತೂಲಿನಲ್ಲಿದ್ದಷ್ಟನ್ನೂ ಹಾರಿಸಿದ್ದರು. 2000ದಲ್ಲಿ ನ್ಯಾಯಾಲಯ ನಾಲ್ವರನ್ನೂ ಖುಲಾಸೆ ಮಾಡಿತು. ಊರು ಬೀದಿಗಿಳಿದು ಪ್ರತಿಭಟಿಸಿತು.

ಕೈಯಲ್ಲಿ ಆರು ಗುಂಡಿನ ರಿವಾಲ್ವರ್ ಇದ್ದಿದ್ದರೆ ಡಿಯಾಲೊ ಬದುಕುತ್ತಿದ್ದನೆಂದು ಯಾರೂ ಹೇಳಲಾರರು. ಆದರೆ ಒಬ್ಬ ಹಾರಿಸಿದ ಸದ್ದಿಗೆ ಇನ್ನೊಬ್ಬ ಹಾರಿಸುವ, ತಡೆದು ನೋಡಲು ಎಡೆಯೇ ಇಲ್ಲದ ಸ್ಥಿತಿಗೆ ಮ್ಯಾಗಜೀನಿನ ಗಾತ್ರವೂ ಕಾರಣವಾಗಬಲ್ಲದು ಎಂಬ ಚರ್ಚೆ ಅಂದು ಶುರುವಾಯಿತು.

ಅದೇ ಊರಿನ ಪೊಲೀಸರ ಕೋರಿಕೆಯ ಮೇಲೆ ರ‍್ಯಾಂಡ್ ಸಂಸ್ಥೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಸತ್ಯ ಹೇಳಿತು. 1998ರಿಂದ 2006ರವರೆಗೆ, ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಸಂದರ್ಭಗಳಲ್ಲಿ ಪೊಲೀಸರ ನೂರು ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಸರಾಸರಿ 18. ಎದುರಾಳಿ ಹಾರಿಸದಿದ್ದಾಗಲೂ ಅದು 30. ಇವರು ತರಬೇತಿ ಪಡೆದ, ನಿತ್ಯ ಪಿಸ್ತೂಲು ಧರಿಸುವ ಪೊಲೀಸರು ಎಂಬುದನ್ನು ಮರೆಯುವಂತಿಲ್ಲ. ಸಿನಿಮಾದ ನಾಯಕ ಓಡುತ್ತಲೇ ಒಂದೇ ಗುಂಡಿಗೆ ಒಬ್ಬನನ್ನು ಉರುಳಿಸುವುದಕ್ಕೂ ಬೀದಿಯ ವಾಸ್ತವಕ್ಕೂ ಇರುವ ಅಂತರ ಇದು.

ಕೈಗೆ ಒಗ್ಗಬೇಕು

ಹಾಗಾದರೆ ತಿಳಿದವರು ಪಿಸ್ತೂಲನ್ನು ಆರಿಸುವುದು ಹೇಗೆ? ಮೊದಲು ನೋಡುವುದು ಅದು ತಪ್ಪದೆ ಕೆಲಸ ಮಾಡುತ್ತದೆಯೇ ಎಂದು, ಅದೂ ಮುಂದೆ ಬಳಸಲಿರುವ ತೋಟೆಯನ್ನೇ ಹಾಕಿ. ಎರಡನೆಯದು, ಹಿಡಿದವರ ಕೈ. ಹಿಡಿಕೆ ದಪ್ಪವಾದರೆ ಬೆರಳಿನ ತುದಿ ಟ್ರಿಗರಿಗೆ ಸರಿಯಾಗಿ ಮುಟ್ಟುವುದಿಲ್ಲ. ಗುರಿ ಒಂದು ಬದಿಗೆ ಎಳೆಯುತ್ತದೆ. ಪೊಲೀಸ್ ಪಡೆಗಳಲ್ಲಿ ಮಹಿಳೆಯರ ಸಂಖ್ಯೆ ಏರಿದಂತೆಲ್ಲ ಈ ಪ್ರಶ್ನೆಗೆ ತೂಕ ಬಂತು. ಹಿಡಿಕೆಯ ಹಿಂಭಾಗವನ್ನು ಕೈಯ ಅಳತೆಗೆ ತಕ್ಕಂತೆ ಬದಲಾಯಿಸಬಹುದಾದ ಪಿಸ್ತೂಲುಗಳು ಈಗ ಸಾಮಾನ್ಯ. ಅಮೆರಿಕ ಸೇನೆ 2017ರಲ್ಲಿ ಸಿಗ್ ಸಾವರ್ ಕಂಪನಿಯ ಪಿ 320 ಮಾದರಿಯನ್ನು ಆರಿಸುವಾಗ ಈ ಗುಣವೂ ಲೆಕ್ಕಕ್ಕೆ ಬಂದಿತ್ತು. ಅದೇ ವರ್ಷ, ಅದೇ ಮಾದರಿಯ ನಾಗರಿಕ ಪಿಸ್ತೂಲು ಕೆಲವು ಕೋನಗಳಲ್ಲಿ ಕೆಳಗೆ ಬಿದ್ದಾಗ ಗುಂಡು ಹಾರಿದ್ದು ಬೆಳಕಿಗೆ ಬಂದು, ಕಂಪನಿ ತಿದ್ದುಪಡಿಗೆ ಪಿಸ್ತೂಲುಗಳನ್ನು ವಾಪಸು ಕರೆಯಿತು. ಹೊಸದೆಲ್ಲ ಪಕ್ವವಾಗಿರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಮೂರನೆಯದು ಒರೆ. ಇದನ್ನು ಕಡೆಗಣಿಸುವವರೇ ಹೆಚ್ಚು. ಟ್ರಿಗರನ್ನು ಪೂರ್ತಿ ಮುಚ್ಚುವ, ಹಿಂದಿನಿಂದ ಬಂದವರು ಕಿತ್ತುಕೊಳ್ಳಲು ಆಗದ ಒರೆ ಇಲ್ಲದಿದ್ದರೆ ಅತ್ಯುತ್ತಮ ಪಿಸ್ತೂಲೂ ಅಪಾಯವೇ. ಸಮವಸ್ತ್ರದ ಪೊಲೀಸನಿಗೆ ದೊಡ್ಡ ಪಿಸ್ತೂಲು, ಬಿಗಿಯಾದ ಒರೆ ಸರಿ. ಮಫ್ತಿಯಲ್ಲಿರುವ ಪತ್ತೇದಾರನಿಗೆ ಅಂಗಿಯಡಿ ಅಡಗುವಂಥದ್ದು ಬೇಕು.

ಅಡಗಿಸುವ ಈ ಅಗತ್ಯವೇ ಅಮೆರಿಕದ ಸಾಮಾನ್ಯ ನಾಗರಿಕನ ಆಯ್ಕೆಯನ್ನೂ ಆಳುತ್ತದೆ. 1987ರಲ್ಲಿ ಫ್ಲಾರಿಡಾ ರಾಜ್ಯ ಪಿಸ್ತೂಲನ್ನು ಮರೆಮಾಡಿ ಧರಿಸುವ ಪರವಾನಗಿಯನ್ನು ಸಡಿಲಗೊಳಿಸಿದ ಮೇಲೆ ಒಂದೊಂದೇ ರಾಜ್ಯ ಅದೇ ಹಾದಿ ಹಿಡಿಯಿತು. 2024ರ ವೇಳೆಗೆ 29 ರಾಜ್ಯಗಳಲ್ಲಿ ಪರವಾನಗಿಯೇ ಬೇಡವೆಂದಾಯಿತು. ಮನೆಯ ಹೊರಗೆ ಪಿಸ್ತೂಲು ಧರಿಸುವುದು ಸಂವಿಧಾನದತ್ತ ಹಕ್ಕು ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ತೀರ್ಪಿತ್ತಿತು. ಜೇಬಿಗೆ ಹಿಡಿಸುವ ಪಿಸ್ತೂಲುಗಳ ಮಾರುಕಟ್ಟೆ ಬೆಳೆಯಿತು. ಆದರೆ ಇಲ್ಲೂ ತಕ್ಕಡಿ ಬಿಡಲಿಲ್ಲ. ಪಿಸ್ತೂಲು ಚಿಕ್ಕದಾಗಿ, ಹಗುರವಾದಷ್ಟೂ ಒದೆತ ಹೆಚ್ಚು, ಹಿಡಿತ ಕಡಿಮೆ, ಗುರಿ ಹಿಡಿಯುವುದು ಕಷ್ಟ. ಧರಿಸಲು ಸುಲಭವಾದದ್ದು ಹೊಡೆಯಲು ಕಷ್ಟ, ಹೊಡೆಯಲು ಸುಲಭವಾದದ್ದು ಧರಿಸಲು ಕಷ್ಟ.

ಪೊಲೀಸನ ಹಿಂದೆ ಇಲಾಖೆ, ತರಬೇತಿ, ಮೇಲಧಿಕಾರಿ, ವಿಚಾರಣೆ ಇರುತ್ತವೆ. ನಾಗರಿಕನ ಹಿಂದೆ ಇರುವುದು ಅವನ ಮನೆ, ಮನೆಯಲ್ಲಿ ಮಕ್ಕಳು. 2014ರ ಡಿಸೆಂಬರಿನಲ್ಲಿ ಐಡಾಹೊ ರಾಜ್ಯದ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಕೈಚೀಲದಲ್ಲಿದ್ದ ಪಿಸ್ತೂಲನ್ನು ಮುಟ್ಟಿ ಗುಂಡು ಹಾರಿ ತಾಯಿ ಸತ್ತಳು. ಆಕೆಯ ಬಳಿ ಪರವಾನಗಿಯೂ ಇತ್ತು. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತ 48,830 ಮಂದಿಯಲ್ಲಿ ಅರ್ಧಕ್ಕೂ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಂಡವರು. ಕಳ್ಳನಿಗೆಂದು ತಂದಿಟ್ಟ ಪಿಸ್ತೂಲು ಮನೆಯವರ ಕೈಗೇ ಸಿಗುತ್ತದೆ ಎಂಬುದನ್ನು ಈ ಲೆಕ್ಕ ಹೇಳುತ್ತದೆ. ಆದ್ದರಿಂದ ಪಿಸ್ತೂಲಿನ ಜತೆಗೇ ಬೀಗವಿರುವ ಪೆಟ್ಟಿಗೆಯನ್ನೂ ಕೊಳ್ಳಬೇಕೆಂದು ಅಲ್ಲಿಯ ಅನುಭವಿ ತರಬೇತುದಾರರು ಹೇಳುತ್ತಾರೆ.

ನಮ್ಮಲ್ಲಿ

ಕನ್ನಡ ನಾಡಿಗೆ ಕೋವಿ ಹೊಸದಲ್ಲ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಸಲ್ಲುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಮಲೆನಾಡಿನ ರೈತ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಕೋವಿಯನ್ನು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುವುದು ವಾಡಿಕೆ. ಆದರೆ ಅವೆಲ್ಲ ಉದ್ದ ನಳಿಕೆಯ ಕೋವಿಗಳು. ಕಾಡುಹಂದಿ ಓಡಿಸಲು, ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಇಡಲು ಅವು ಬೇಕು. ಪಿಸ್ತೂಲಿಗೆ ಅಂಥ ಉಪಯೋಗಗಳಿಲ್ಲ. ಅದನ್ನು ರೂಪಿಸಿರುವುದೇ ಹತ್ತಿರದಲ್ಲಿ ನಿಂತ ಮನುಷ್ಯನಿಗಾಗಿ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪಿಸ್ತೂಲು ಹೊಂದುವುದು ಹಕ್ಕಲ್ಲ, ಕಾರಣ ತೋರಿಸಿ ಪಡೆಯಬೇಕಾದ ಅನುಮತಿ. 9 ಎಂ.ಎಂ. ಪಿಸ್ತೂಲು ನಿಷೇಧಿತ ಬೋರಿನ ಪಟ್ಟಿಯಲ್ಲಿದೆ. ಲೈಸೆನ್ಸ್ ಸಿಕ್ಕ ನಾಗರಿಕನ ಪಾಲಿಗೆ ಸಾಮಾನ್ಯವಾಗಿ ಬರುವುದು .32 ಬೋರಿನದು. ಒಬ್ಬರಿಗೆ ಮೂರು ಆಯುಧ ಎಂದಿದ್ದ ಮಿತಿಯನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಮಹಿಳೆಯರಿಗೆಂದು 'ನಿರ್ಭೀಕ್' ಎಂಬ ಅರ್ಧ ಕಿಲೋ ತೂಕದ .32 ರಿವಾಲ್ವರನ್ನು ಬಿಡುಗಡೆ ಮಾಡಿತು. ಬೆಲೆ 1.22 ಲಕ್ಷ ರೂಪಾಯಿ. ದೆಹಲಿಯ ಅತ್ಯಾಚಾರ ಪ್ರಕರಣದ ನೆನಪು ಹಸಿಯಾಗಿದ್ದ ಕಾಲವದು. ಸಂಜೆ ಕೆಲಸ ಮುಗಿಸಿ ಬಸ್ಸಿಗೆ ಕಾಯುವ ಎಷ್ಟು ಹೆಣ್ಣುಮಕ್ಕಳಿಗೆ ಈ ಬೆಲೆ ಎಟುಕೀತು, ಎಟುಕಿದರೂ ಕೈಚೀಲದ ರಿವಾಲ್ವರ್ ಕೈಗೆ ಬರುವಷ್ಟು ವ್ಯವಧಾನ ಎಲ್ಲಿ ಸಿಕ್ಕೀತು ಎಂಬ ಪ್ರಶ್ನೆಗಳು ಆಗ ಎದ್ದವು.

ಅವು ನ್ಯಾಯವಾದ ಪ್ರಶ್ನೆಗಳು. ನಿತ್ಯ ಪಿಸ್ತೂಲು ಧರಿಸುವ ನ್ಯೂಯಾರ್ಕ್ ಪೊಲೀಸರ ನೂರು ಗುಂಡುಗಳಲ್ಲಿ ಎಂಬತ್ತೆರಡು ಗುರಿ ತಪ್ಪುತ್ತಿದ್ದವು ಎಂಬ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ, ಆಯುಧದ ಬೆಲೆಗಿಂತ ಅಭ್ಯಾಸದ ಬೆಲೆಯೇ ದೊಡ್ಡದು ಎಂಬುದು ಹೊಳೆಯುತ್ತದೆ. ಅಂಗಡಿಯಲ್ಲಿ ಹಣ ಕೊಟ್ಟರೆ ಪಿಸ್ತೂಲು ಒಂದೇ ದಿನದಲ್ಲಿ ಕೈಗೆ ಬರುತ್ತದೆ. ಅದನ್ನು ಯಾವಾಗ ಒರೆಯಿಂದ ತೆಗೆಯಬಾರದು ಎಂಬುದನ್ನು ಕಲಿಯಲು ವರ್ಷಗಳು ಬೇಕು.